ರವದಿ ಬೆಂಕಿಯಲ್ಲಿ ಕಾಸಿದ ಟ್ಯಾಂಕು

ಲಕ್ವಾ ಹೊಡೆದ ಮೇಲೆ ನಮ್ಮ ಮನೆಯವರ ಎಡಗೈ ನಿಧಾನವಾಗಿ ಮರಳಿ ಬಂತು, ಎಡಗಾಲು ಬರಲಿಲ್ಲ. ಕೋಲು ಹಿಡಿದು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ಬರುವಷ್ಟಕ್ಕೆ ಮಾತ್ರ ಅದು ಉಳಿಯಿತು. ಬೈಕಿನ ಮೇಲೆ ಬ್ಯಾಲೆನ್ಸ್ ಇಲ್ಲ, ಟ್ರ್ಯಾಕ್ಟರಿನ ಕ್ಲಚ್ ಒತ್ತಲು ಬಲವಿಲ್ಲ, ಕಾರು ನಮ್ಮ ಹೊಲದ ದಾರಿಗೆ ಇಳಿಯುವುದೇ ಇಲ್ಲ. ಬನಹಟ್ಟಿಯ ಅಂಚಿಗೆ, ಚಿಮ್ಮಡದ ರಸ್ತೆಗೆ ನಮ್ಮ ಮನೆ. ಅಲ್ಲಿಂದ ಹೊಲಕ್ಕೆ ಹೋಗುವುದು ಕಬ್ಬಿನ ನಡುವಿನ ಹಾದಿ. ಯಾರಾದರೂ ನೀರು ಬಿಟ್ಟ ದಿನ ಅದು ಹಾದಿಯೋ ಕಾಲುವೆಯೋ ತಿಳಿಯದು. ಅಂಥ ಹೊತ್ತಿನಲ್ಲಿ ಬೀಳಗಿಯ ಕಡೆ, ಹಿನ್ನೀರಿನ ದಂಡೆಯಲ್ಲಿ, ನೋಡಲು ಬಂದವರನ್ನು ಕೂಡಿಸಿ ಸುತ್ತಿಸಲೆಂದು ಯಾರೋ ಇಟ್ಟಿದ್ದ ನಾಲ್ಕು ಗಾಲಿಯ ಬೈಕು ಮಾರಾಟಕ್ಕಿದೆ ಎಂದು ಗೊತ್ತಾಯಿತು. ಎಟಿವಿ. ಗೇರಿಲ್ಲ, ಕ್ಲಚ್ಚಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಓಡುತ್ತದೆ, ಬ್ರೇಕೂ ಕೈಯಲ್ಲೇ. ಕಾಲಿಗೆ ಸುಮ್ಮನೆ ಕೂಡುವುದೊಂದೇ ಕೆಲಸ.

ಓಣಿಯವರು ಅದನ್ನು ಕಪ್ಪಿಗಾಡಿ ಎಂದರು, ಕಪ್ಪೆಯ ಹಾಗೆ ಜಿಗಿಯುತ್ತ ಹೋಗುತ್ತದೆಂದು. ಇವರಿಗೆ ಆ ಹೆಸರು ಸೇರಿತು. ಬೆಳಿಗ್ಗೆ ಚಹಾ ಕುಡಿದು ಹೊರಟರೆ ಊಟದ ಹೊತ್ತಿಗೆ ಬರುತ್ತಿದ್ದರು. ಹೊಲದಲ್ಲಿ ಇಳಿಯುತ್ತಿರಲಿಲ್ಲ. ಬದುವಿನ ಮೇಲೆ ಗಾಡಿ ನಿಲ್ಲಿಸಿ, ಕೂತಲ್ಲಿಂದಲೇ ಆಳುಗಳಿಗೆ ಕೆಲಸ ಹೇಳಿ, ಒಂದಿಷ್ಟು ಬೈದು ಬರುತ್ತಿದ್ದರು.

"ಬೈದದ್ದು ಸಾಕಾತೇನ್ರಿ ಇವತ್ತ?" ಎಂದು ನಾನು ಕೇಳಿದರೆ, "ಸ್ವಲ್ಪ ಉಳದೈತಿ. ನಾಳೆ ತೀರಸ್ತೇನಿ" ಎನ್ನುತ್ತಿದ್ದರು.

ನಾನು ಆ ಹೊಲವನ್ನು ಇವರಷ್ಟು ಪ್ರೀತಿಸಿದವಳಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ, ಬೋರ್ಡಿಂಗಿನಲ್ಲಿದ್ದು ಓದಿದವಳು ನಾನು. ಇಸ್ತ್ರಿ ಮಾಡಿದ ಬಿಳಿ ರಿಬ್ಬನ್, ಪಿಯಾನೋ ಇದ್ದ ಹಾಲ್, ಊಟದ ಮುಂಚೆ ಗ್ರೇಸ್ ಎಂಬ ಪ್ರಾರ್ಥನೆ. ಅಲ್ಲಿಂದ ಈ ಎರೆಮಣ್ಣಿಗೆ ಮದುವೆಯಾಗಿ ಬಂದಾಗ ನನ್ನ ಚಪ್ಪಲಿಗೆ ಅಂಟಿದ ಮಣ್ಣನ್ನು ನೋಡಿ ಅತ್ತಿದ್ದೆನಂತೆ. ಇವರು ಅದನ್ನು ಇವತ್ತಿಗೂ ಹೇಳಿ ನಗುತ್ತಾರೆ. ಆದರೆ ಗಾಡಿಯ ಮೇಲೆ ಕೂತು ಹೊಲದಿಂದ ಬರುವಾಗ ಇವರ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಅದಕ್ಕಾಗಿ ನಾನು ಆ ಕುರೂಪಿ ಗಾಡಿಯನ್ನು ಸಹಿಸಿಕೊಂಡೆ. ಒದ್ದೆ ಬಟ್ಟೆಯಲ್ಲಿ ಅದರ ಸೀಟು ಒರೆಸುವುದನ್ನೂ ಕಲಿತೆ.

ಕೆಟ್ಟದ್ದು ಅದರ ಪೆಟ್ರೋಲ್ ಟ್ಯಾಂಕು. ತಗಡಿನದು. ಒಳಗಿನಿಂದ ತುಕ್ಕು ತಿಂದು ತಳದಲ್ಲಿ ಸೂಜಿಮೊನೆಯಂಥ ತೂತು ಬಿತ್ತು. ಜಮಖಂಡಿಗೆ ಒಯ್ದು ಬೆಸುಗೆ ಹಾಕಿಸಿದರೆ ಪಕ್ಕದಲ್ಲಿ ಇನ್ನೊಂದು ಬಿತ್ತು. ಅದನ್ನು ಮುಚ್ಚಿಸಿದರೆ ಮತ್ತೊಂದು ಕಡೆ ತೇವ. ಕೊನೆಗೆ ಮುಧೋಳದ ಬೆಸುಗೆಯವನೊಬ್ಬ ಟ್ಯಾಂಕನ್ನು ಮಗುಚಿ, ತಳವನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಯಿತು.

"ಇದು ತಗಡ ಅಲ್ಲರೀ ಯಜಮಾನ್ರ, ಹಪ್ಪಳ" ಎಂದ.

ಆ ಮಾಡೆಲ್ಲಿನ ಟ್ಯಾಂಕು ಈಗ ತಯಾರಾಗುವುದಿಲ್ಲವೆಂದು ತಿಳಿಯಿತು. ಗಾಡಿ ಅಂಗಳದಲ್ಲಿ ನಿಂತಿತು. ಇವರೂ ಪಡಸಾಲೆಯಲ್ಲಿ ಕೂತರು.

ನಮ್ಮ ಮಗ ಮುಧೋಳದಲ್ಲಿ ನೌಕರಿ ಮಾಡುತ್ತಾನೆ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಾನೆ. ಒಳ್ಳೆಯ ಹುಡುಗ. ನಾನು ತಾಯಿಯೆಂದು ಹೇಳುವ ಮಾತಲ್ಲ ಇದು. ಒಂದು ಸಂಜೆ ತಂದೆಯ ಮುಂದೆ ನೆಲದ ಮೇಲೆ ಕೂತು ಮಾತು ತೆಗೆದ.

"ಅಪ್ಪಾ, ನಾ ಸಿಟ್ಟೀಲೆ ಹೇಳವಲ್ಲೆ. ಯುಗಾದಿ ತನಕ ನೋಡೂನು. ನೀ ನಿನ್ನಷ್ಟಕ್ಕ ನೀ ಹೊಲಕ್ಕ ಹೋಗಿ ಬರೂವಂಗ ಆದ್ರ ಎಲ್ಲಾ ಹಿಂದಿನಂಗ ಇರಲಿ. ಇಲ್ಲಾಂದ್ರ ಲಾವಣಿಗೆ ಬಿಟ್ಟಬಿಡೂನು. ಇವತ್ತ ನೀರ ಬಿಟ್ರೇನು, ಗೊಬ್ಬರ ಹಾಕಿದ್ರೇನು ಅಂತ ಆಫೀಸನ್ಯಾಗ ಕುಂತ ಫೋನ್ ಮಾಡಿ ಕೇಳೂದು ನನಗ ಆಗವಲ್ದು."

ವರ್ಷಕ್ಕಿಷ್ಟು ಎಂದು ಮಾತಾಡಿ ಹೊಲವನ್ನು ಬೇರೆಯವರ ಕೈಗೆ ಕೊಡುವುದಕ್ಕೆ ನಮ್ಮಲ್ಲಿ ಲಾವಣಿ ಎನ್ನುತ್ತಾರೆ. ಯುಗಾದಿಯಿಂದ ಯುಗಾದಿಗೆ ಅದರ ವರ್ಷ. ಚಿಮ್ಮಡದವನೊಬ್ಬ ಆಗಲೇ ಕೇಳಿಹೋಗಿದ್ದ. ಇವರು, "ಯುಗಾದಿ ಇನ್ನಾ ದೂರ ಐತಿ" ಎಂದರು, ಅಷ್ಟೇ.

ಫೋನಿನಲ್ಲಿ ಹುಡುಕಿ ಪ್ಲಾಸ್ಟಿಕ್ ಟ್ಯಾಂಕನ್ನು ತರಿಸಿದವನೂ ಮಗನೇ. ಕಂಪನಿಯದಲ್ಲ, ಇಂಥ ಗಾಡಿಗಳಿಗೆಲ್ಲ ಆಗುತ್ತದೆಂದು ಬೇರೆ ಯಾರೋ ಮಾಡಿ ಮಾರುವಂಥದು. ಡಬ್ಬಿ ಬಂದ ದಿನ ಇವರು ಶೇವ್ ಮಾಡಿಕೊಂಡಿದ್ದರು. ಹಾಲಿನಂಥ ಬಿಳಿ ಬಣ್ಣದ, ಹಗುರವಾದ ಟ್ಯಾಂಕು. ಅದರೊಳಗೆ ಒಂದು ಇಂಗ್ಲಿಷ್ ಚೀಟಿ. "ಓದ ಲೇ, ಏನಂತೈತಿ" ಎಂದರು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಯೂನಿವರ್ಸಲ್ ಫಿಟ್, ಕೆಲವು ಗಾಡಿಗಳಿಗೆ ಸ್ವಲ್ಪ ಮಾಡಿಫಿಕೇಶನ್ ಬೇಕಾಗಬಹುದು ಎಂದಿತ್ತು.

"ಸ್ವಲ್ಪ ಅಂದ್ರ ಎಷ್ಟು?"

"ಅದನ್ನ ಬರದಿಲ್ಲರಿ."

"ಮತ್ತ ಅಷ್ಟ ವರ್ಷ ನಿಮ್ಮ ಸಿಸ್ಟರಗೋಳು ನಿನಗ ಏನ ಕಲಿಸಿದ್ರು?"

ರಬಕವಿಯಿಂದ ಇವರ ಗೆಳೆಯರನ್ನು ಕರೆಸಿದೆವು. ಇಬ್ಬರೂ ಒಂದೇ ಸಾಲೆಯಲ್ಲಿ ಕಲಿತವರು. ಗೆಳೆಯರು ಜೀವಮಾನವೆಲ್ಲ ಪಾವರ್‌ಲೂಮ್ ರಿಪೇರಿ ಮಾಡಿದವರು. ಕಿವಿ ಮಗ್ಗದ ಸದ್ದಿಗೆ ಮಂದವಾಗಿದೆ, ಅದಕ್ಕೆ ಮಾತೆಲ್ಲ ಜೋರು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಬಂದವರೇ ಟ್ಯಾಂಕನ್ನು ಗಾಡಿಯ ಫ್ರೇಮಿನ ಮೇಲಿಟ್ಟು, ಬಗ್ಗಿ ನೋಡಿ, ಎದ್ದು ನಿಂತರು.

"ದೋಸ್ತ, ಇದು ನಿನ್ನ ಗಾಡೀದಲ್ಲ. ಇದರಣ್ಣಂದು."

ಫ್ರೇಮಿನ ನಡುವೆ ಉದ್ದಕ್ಕೆ ಒಂದು ದಪ್ಪ ಪೈಪಿದೆ. ಟ್ಯಾಂಕು ಕುದುರೆಯ ಮೇಲೆ ಕೂತ ಹಾಗೆ ಆ ಪೈಪಿನ ಮೇಲೆ ಕೂಡಬೇಕು. ಅದಕ್ಕಾಗಿ ಟ್ಯಾಂಕಿನ ಹೊಟ್ಟೆಯಲ್ಲಿ ಉದ್ದಕ್ಕೆ ಒಂದು ಹರಿ, ತೋಡಿನಂಥ ತಗ್ಗು, ಇರುತ್ತದೆ. ಹೊಸ ಟ್ಯಾಂಕಿನ ಹರಿ ಒಂದು ಬೆರಳಿನಷ್ಟು ಕಿರಿದು. ಹೀಗಾಗಿ ಅದು ಕೆಳಗಿಳಿಯದೆ ಮೇಲೆಯೇ ನಿಂತಿತು. ಬೋಲ್ಟ್ ಹಾಕುವ ಕಿವಿಗಳು ಫ್ರೇಮಿನ ತೂತುಗಳಿಗೆ ಮುಟ್ಟಲಿಲ್ಲ. ಹಿಂದಿನ ಭಾಗ ಎದ್ದದ್ದರಿಂದ ಸೀಟು ಕೂಡಲಿಲ್ಲ. ವಾಪಸ್ ಕಳಿಸೋಣವೆಂದರೆ ಇದೊಂದೇ ಸಿಕ್ಕದ್ದು. ಬೇರೆ ಎಲ್ಲಿಯೂ ಇರಲಿಲ್ಲ.

ಆಗ ಇವರು ಕುರ್ಚಿಯಿಂದ ಹೇಳಿದರು, "ಕಾಸೂನು."

ನಮ್ಮ ಕಡೆಯ ರೈತರಿಗೆ ಇದು ಉಸಿರಾಡಿದಷ್ಟು ಸಹಜ. ನೀರಿನ ಪಿವಿಸಿ ಪೈಪಿಗೆ ಪೈಪು ಜೋಡಿಸಬೇಕೆಂದರೆ ಯಾರೂ ಅಂಗಡಿಗೆ ಓಡುವುದಿಲ್ಲ. ಕಬ್ಬಿನ ಒಣ ಸೋಗೆ, ಅದಕ್ಕೆ ರವದಿ ಎನ್ನುತ್ತೇವೆ, ಒಂದು ಹಿಡಿ ಹೊತ್ತಿಸಿ, ಪೈಪಿನ ಬಾಯಿಯನ್ನು ಅದರ ಮೇಲೆ ತಿರುವುತ್ತಾರೆ. ಬಾಯಿ ಮೆತ್ತಗಾದೊಡನೆ ಇನ್ನೊಂದು ಪೈಪನ್ನು ಒಳಗೆ ತುರುಕುತ್ತಾರೆ. ಆರಿದ ಮೇಲೆ ಎತ್ತು ಜಗ್ಗಿದರೂ ಬಿಡುವುದಿಲ್ಲ. ಇವರು ತಮ್ಮ ಹೊಲದ ಪೈಪನ್ನೆಲ್ಲ ಹಾಗೆಯೇ ಜೋಡಿಸಿದ್ದರು. ಬೆಂಕಿಯಲ್ಲಿ ಕಾಸಿದರೆ ಪ್ಲಾಸ್ಟಿಕ್ ಮಾತು ಕೇಳುತ್ತದೆ ಎನ್ನುವುದರಲ್ಲಿ ಇಬ್ಬರಿಗೂ ಎಳ್ಳಷ್ಟು ಅನುಮಾನವಿರಲಿಲ್ಲ. ನನಗೂ ಇರಲಿಲ್ಲ. ಕಣ್ಣಾರೆ ಕಂಡ ಕೆಲಸ.

ಹಿತ್ತಲಲ್ಲಿ ಅರ್ಧ ಕತ್ತರಿಸಿದ ಬ್ಯಾರಲ್ಲಿನಲ್ಲಿ ರವದಿ ಹೊತ್ತಿಸಿದರು. ಅದು ಭಗ್ಗನೆ ಹತ್ತುತ್ತದೆ, ಅಷ್ಟೇ ಬೇಗ ಆರುತ್ತದೆ. ನಾನು ಹಾಕುತ್ತಲೇ ಇರಬೇಕು, ಆದರೆ ಉರಿ ಏಳಬಾರದು. "ವೈನಿ, ಹೋಳಿಗಿ ಉರಿ ಇಡ್ರಿ, ಭಕ್ರಿ ಉರಿ ಬ್ಯಾಡ" ಎಂದು ಗೆಳೆಯರು ಕೂಗುತ್ತಿದ್ದರು. ಟ್ಯಾಂಕಿನ ಹೊಟ್ಟೆಯನ್ನು ಕೆಂಡಕ್ಕೆ ತೋರಿಸಿ ಹಿಡಿದರು. ಸ್ವಲ್ಪ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಹಾಲಿನಂತಿದ್ದ ಪ್ಲಾಸ್ಟಿಕ್ ಕಾದಲ್ಲಿ ಮಾತ್ರ ಗಾಜಿನ ಹಾಗೆ ತಿಳಿಯಾಯಿತು. ಒಳಗಿನ ಗೋಡೆ ಹೊರಗಿನಿಂದ ಕಂಡಿತು. ಅಷ್ಟು ಚಂದದ್ದನ್ನು ಆ ಹಿತ್ತಲಲ್ಲಿ ನಾನು ಕಂಡಿರಲಿಲ್ಲ.

"ಈಗ! ಈಗ ಒತ್ತ!" ಎಂದು ಇವರು ಕುರ್ಚಿಯಲ್ಲಿ ಅರ್ಧ ಎದ್ದರು.

ಗೆಳೆಯರು ಹಳೆಯ ಮಗ್ಗದ ಕಟ್ಟಿಗೆಯ ರೋಲರ್ ತಂದಿದ್ದರು. ಅದಕ್ಕೆ ಬಟ್ಟೆ ಸುತ್ತಿ, ಹರಿಯೊಳಗೆ ಇಟ್ಟು, ಮೈಭಾರವೆಲ್ಲ ಹಾಕಿ ಒತ್ತಿದರು. ನಾನು ಒದ್ದೆ ಗೋಣಿಚೀಲ ಹೊದಿಸಿದೆ. ಹಬೆ ಎದ್ದಿತು. ತಿಳಿಯಾದದ್ದು ಮತ್ತೆ ಬೆಳ್ಳಗಾಯಿತು. ಹರಿ ಅಗಲವಾಗಿತ್ತು.

"ಎಷ್ಟ ಕೊಡ್ತೀ ದೋಸ್ತ ಕೂಲಿ?"

"ನಿನಗ ಕೂಲಿ ಬ್ಯಾರೆ ಕೇಡು. ಚಹಾದಾಗ ನಾಕ ಚಮಚಾ ಸಕ್ಕರಿ ತಿಂತಿ, ಅದಕ್ಕ ನನ್ನ ಅರ್ಧ ಕಬ್ಬ ಹೋತು."

ಮರುದಿನ ನೋಡಿದರೆ ಹರಿ ಅರ್ಧದಷ್ಟು ಮೊದಲಿನ ಆಕಾರಕ್ಕೆ ಮರಳಿತ್ತು. ನೀರಿನ ಪೈಪು ಹೀಗೆ ಮಾಡುವುದಿಲ್ಲ. ಅದು ಸೂಚನೆ ಎಂದು ಈಗ ಅನಿಸುತ್ತದೆ. ಆಗ ಇಬ್ಬರೂ ಅದನ್ನು ಮೊಂಡುತನ ಎಂದುಕೊಂಡರು. ಮೊದಲಿಗಿಂತ ಹೆಚ್ಚು ಕಾಸಿ, ಹೆಚ್ಚು ಒತ್ತಿ, ಬಿಸಿ ಇದ್ದಾಗಲೇ ಫ್ರೇಮಿಗೆ ಕೂಡಿಸಿ, ಹಳೆಯ ಟ್ಯೂಬಿನಿಂದ ಬಿಗಿದು ಕಟ್ಟಿ ಒಂದು ರಾತ್ರಿ ಬಿಟ್ಟರು. ಈ ಸಲ ಅದು ಸೋತಿತು. ಕಿವಿಯ ತೂತುಗಳನ್ನು ಡ್ರಿಲ್ಲಿನಿಂದ ಉದ್ದ ಮಾಡಿದರು, ಬೋಲ್ಟ್ ಬಿಗಿದರು, ಸೀಟು ಟಕ್ ಎಂದು ಕೂತಿತು. ಫ್ರೇಮಿಗೂ ಟ್ಯಾಂಕಿಗೂ ನಡುವೆ ಒಂದು ಕಾಗದ ಸಹ ಹೋಗುವಂತಿರಲಿಲ್ಲ. "ಮಗ್ಗದಾಗ ಹಿಂಗ ಇರಬೇಕು ನೋಡ್ರಿ ವೈನಿ ಫಿಟಿಂಗು" ಎಂದು ಗೆಳೆಯರು ಎದೆ ತಟ್ಟಿಕೊಂಡರು.

ಪೆಟ್ರೋಲ್ ಕುತ್ತಿಗೆತನಕ ತುಂಬಿಸಿದರು ಇವರು. ಮಧ್ಯದಲ್ಲಿ ನಿಲ್ಲಬಾರದಲ್ಲ ಎಂದರು.

ಆ ದಿನ ಇವರು ಹೊಲಕ್ಕೆ ಹೋದರು. ನಾನು ರಸ್ತೆಯತನಕ ಹೋಗಿ ನಿಂತೆ. ಕಬ್ಬಿನ ನಡುವೆ ಗಾಡಿ ಮುಳುಗಿತು. ಸದ್ದು ಮಾತ್ರ ಕೇಳುತ್ತಿತ್ತು, ಆಮೇಲೆ ಅದೂ ಇಲ್ಲ. ಊಟಕ್ಕೆ ಬಂದಾಗ ಹೊಲದ್ದೇ ಮಾತು. ಆಚೆ ಮೂಲೆಯಲ್ಲಿ ನೀರು ನಿಂತಿದೆ, ವಾಲ್ವ್ ಹತ್ತಿರ ಇಲಿ ಬಿಲ ಮಾಡಿದೆ, ಹೊಸ ಆಳಿಗೆ ಕೆಲಸದ ಅಳತೆಯೇ ತಿಳಿಯದು. ಭಕ್ರಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. ಸಂಜೆ ಮಗ ಬಂದಾಗಲೂ ಅದೇ. ಮಗ ಕೇಳುತ್ತ ಕೂತ. ಲಾವಣಿಯ ಮಾತು ಯಾರೂ ಎತ್ತಲಿಲ್ಲ. ನಾನು ಒಳಗೆ ಹೋಗಿ ಸುಮ್ಮನೆ ನಿಂತುಕೊಂಡೆ. ಸ್ಕೂಲಿನಲ್ಲಿ ರಿಸಲ್ಟ್ ಬಂದ ದಿನ ಹೀಗೇ ನಿಲ್ಲುತ್ತಿದ್ದೆ, ಯಾರಿಗೂ ಕಾಣದಂತೆ ನಗಲು.

ಇನ್ನೂ ಒಂದೆರಡು ದಿನ ಹೋಗಿ ಬಂದರು. ಆಮೇಲೆ ಒಂದು ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಲು ಹೋದಾಗ ಪೆಟ್ರೋಲ್ ವಾಸನೆ. ಸೀಟು ಒಂದು ಕಡೆ ಎದ್ದಿತ್ತು. ಕೈಯಿಂದ ಒತ್ತಿದರೂ ಕೂಡಲಿಲ್ಲ. ಟ್ಯಾಂಕಿನ ಮೈ ಉಬ್ಬಿ ಫ್ರೇಮಿನ ಕಂಬಿಗಳಿಗೆ ಒತ್ತಿಕೊಂಡಿತ್ತು. ರೋಲರ್ ಒತ್ತಿದ ಜಾಗದಲ್ಲಿ, ಪ್ಲಾಸ್ಟಿಕ್ ತೆಳ್ಳಗಾದಲ್ಲಿ, ಬೆವರಿನ ಹಾಗೆ ತೇವ. ಒಂದೊಂದೇ ಹನಿ ಇಂಜಿನ್ನಿನ ಮೇಲೆ ಬೀಳುತ್ತಿತ್ತು. ಇವರು ಕೋಲೂರಿಕೊಂಡು ಬಂದು ಬೆರಳಿನಿಂದ ಮುಟ್ಟಿ, ಮೂಸಿ ನೋಡಿದರು.

"ಬಾವು ಬಂದೈತಿ ಇದಕ್ಕ" ಎಂದರು. ತಮ್ಮ ಕಾಲಿನ ಬಗ್ಗೆ ಡಾಕ್ಟರಿಗೆ ಹೇಳುವ ದನಿಯಲ್ಲೇ.

ಮಗ ಫೋನಿನಲ್ಲಿ ಓದಿ ಹೇಳಿದ. ಈ ಜಾತಿಯ ಪ್ಲಾಸ್ಟಿಕ್ ಪೆಟ್ರೋಲ್ ಹೀರಿ ಹಿಗ್ಗುತ್ತದಂತೆ. ಕೂಡಿಸುವಾಗ ಸುತ್ತಲೂ ಜಾಗ ಬಿಡಬೇಕಂತೆ. ನೀರಿನ ಪೈಪು ಬೇರೆ, ಇದು ಬೇರೆ. ನಾವು ಕಾಗದ ಹೋಗದಷ್ಟು ಬಿಗಿ ಮಾಡಿ ಖುಷಿಪಟ್ಟಿದ್ದೆವು.

ಗೆಳೆಯರು ಮತ್ತೆ ಬಂದರು. ಪೆಟ್ರೋಲ್ ಇಳಿಸಿ, ಬಹಳ ಕಷ್ಟದಿಂದ ಟ್ಯಾಂಕನ್ನು ಕಿತ್ತರು. ಪೈಪಿಗೆ ಹಚ್ಚುವ ಸೊಲ್ಯೂಷನ್ ಹಚ್ಚಿದರು. ಒಣಗಿದ ಮೇಲೆ ಅದು ಹಾಲಿನ ಕೆನೆಯಂತೆ ಉಗುರಿಗೆ ಎದ್ದು ಬಂತು. ಎರಡು ಬಗೆಯ ಅಂಟು ಕಲಸಿ ಮೆತ್ತಿದರು. ಅದು ಗಟ್ಟಿಯಾಯಿತು, ಆದರೆ ಬಿಲ್ಲೆಯ ಹಾಗೆ ಉದುರಿತು. ಈ ಪ್ಲಾಸ್ಟಿಕ್ಕಿಗೆ ಏನೂ ಅಂಟುವುದಿಲ್ಲ. ಉಳಿದದ್ದು ಕರಗಿಸಿ ಕೂಡಿಸುವುದು. ಪೆಟ್ರೋಲ್ ಕುಡಿದ ಟ್ಯಾಂಕಿನ ಹತ್ತಿರ ಬಿಸಿ ತರುವುದು ಬೇಡವೆಂದೆ ನಾನು. ತೊಳೆದು ತೊಳೆದು, ಬಿಸಿಲಲ್ಲಿ ದಿನಗಟ್ಟಲೆ ಇಟ್ಟು, ಮಗುಚಿ, ಒಸರುತ್ತಿದ್ದ ಜಾಗದ ತನಕ ನೀರು ತುಂಬಿಸಿದ ಮೇಲೆಯೇ ಒಪ್ಪಿದೆ. ರೇಡಿಯೋ ರಿಪೇರಿಯವರು ಬಳಸುವ ಕರೆಂಟಿನ ಬೆಸುಗೆ ಕಡ್ಡಿಯನ್ನು ಕಾಸಿ, ಅದೇ ಟ್ಯಾಂಕಿನ ಕಿವಿಯಿಂದ ಕತ್ತರಿಸಿದ ಚೂರನ್ನು ಆ ತೆಳು ಜಾಗಕ್ಕೆ ಕರಗಿಸಿ ಹಾಕಬೇಕು. ಕಡ್ಡಿಯನ್ನು ಮೊದಲು ಹಿಡಿದವರು ಗೆಳೆಯರು.

"ನಿನ್ನ ಕೈ ನಡಗಾಕತ್ತೈತಿ. ತಾ ಇಲ್ಲಿ."

"ನಿನ್ನ ಕೈ ಏನ ಬಂಗಾರದ್ದೇನ ಲೇ? ಕುಂದರ ಸುಮ್ಮ."

"ಹೊಲ ಯಾರದು? ತಾ ಅಂದ್ನಿಲ್ಲ."

ಇವರು ಕಡ್ಡಿ ಕಿತ್ತುಕೊಂಡರು. ಬಲಗೈಯಲ್ಲಿ ಕಡ್ಡಿ, ಮರಳಿ ಬಂದ ಎಡಗೈಯಲ್ಲಿ ಪ್ಲಾಸ್ಟಿಕ್ ಚೂರು. ಚೆನ್ನಾಗಿಯೇ ಹಾಕುತ್ತಿದ್ದರು. ಸಣ್ಣ ಸಣ್ಣ ಹೊಲಿಗೆ, ನಮ್ಮ ಸಿಸ್ಟರ್ ನೋಡಿದ್ದರೂ ನೀಟ್ ಎನ್ನುವಂಥದು. ಕೊನೆಯ ಹೊಲಿಗೆಗೆ ಬಂದಾಗ ಒಂದು ಗಳಿಗೆ ಹೆಚ್ಚು ಹೊತ್ತು ಒತ್ತಿದರೋ ಏನೋ, ಆ ತೆಳುವಾದ ಜಾಗ ತಿಳಿಯಾಗಿ, ಸುರುಟಿ, ಬಾಯಿ ತೆರೆಯಿತು. ಹೆಬ್ಬೆಟ್ಟಿನಷ್ಟು ಕಂಡಿ. ಒಳಗಿನ ನೀರು ಇವರ ತೊಡೆಯ ಮೇಲೆ ಹರಿಯಿತು.

ಗೆಳೆಯರು ಕಡ್ಡಿಯ ವಾಯರ್ ಕಿತ್ತು ಸುತ್ತಿಟ್ಟರು. ನಾನು ಚಹಾ ತಂದೆ, ಸಕ್ಕರೆ ಅವರಿಗೆ ಬೇಕಾದಷ್ಟೇ ಹಾಕಿದ್ದೆ. "ಬ್ಯಾಡ ವೈನಿ. ಬಸ್ಸಿನ ಹೊತ್ತಾತು" ಎಂದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅವರು ರಸ್ತೆಯ ಕಟ್ಟೆಯ ಮೇಲೆ ಒಬ್ಬರೇ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು. ಇವರಿಗೂ ಕಾಣುತ್ತಿತ್ತು. ಕರೆಯಲಿಲ್ಲ.

ಇನ್ನೊಂದು ಟ್ಯಾಂಕು ತರಿಸೋಣವೆಂದು ಮಗ ಮತ್ತೆ ಹುಡುಕಿದ. ಸದ್ಯಕ್ಕೆ ಲಭ್ಯವಿಲ್ಲ ಎಂದಿತ್ತು. ವಾರ ಬಿಟ್ಟು ನೋಡಿದ, ಅದೇ. ಬೆಳಗಾವಿಗೆ ಫೋನ್ ಮಾಡಿದ, ಹುಬ್ಬಳ್ಳಿಗೆ ಮಾಡಿದ. ಪೆಟ್ರೋಲ್ ಕ್ಯಾನನ್ನು ಹಿಂದೆ ಕಟ್ಟಿ ಅಲ್ಲಿಂದ ನಳಿಗೆ ಎಳೆಯೋಣ ಎಂದು ಯಾರೋ ಸಲಹೆ ಕೊಟ್ಟರು. ಆ ಹಾದಿಯ ಕುಪ್ಪಳಿಕೆಯಲ್ಲಿ, ಓಡಿ ತಪ್ಪಿಸಿಕೊಳ್ಳಲಾಗದ ಮನುಷ್ಯನ ಬೆನ್ನ ಹಿಂದೆ ಕ್ಯಾನು. ನಾನು ಬೇಡವೆಂದೆ, ಮಗನೂ ಬೇಡವೆಂದ. ಇವರು ನಮ್ಮಿಬ್ಬರ ಮುಖವನ್ನು ನೋಡಿ, ಕೋಲು ಹಿಡಿದು ಒಳಗೆ ಹೋದರು. ನಿರಾಶೆ ಒಂದು ಸಿನ್, ಪಾಪ, ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಚಾಪೆಲ್ಲಿನ ಹಿಂದಿನ ಬೆಂಚಿನಲ್ಲಿ, ಮನೆಯಲ್ಲಿ ಹಚ್ಚುವ ವಿಭೂತಿ ಹಣೆಗೆ ಇಲ್ಲದೆ ಕೂತ ನಮ್ಮಂಥ ಹುಡುಗಿಯರಿಗೂ ಕಲಿಸಿದ್ದರು. ಆ ದಿನಗಳಲ್ಲಿ ನಾನು ಪ್ರೇಯರ್ ಮಾಡಲು ಕೂತರೆ ಏನು ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ. ದೇವರ ಹತ್ತಿರ ಟ್ಯಾಂಕು ಕೇಳುವುದೇ?

ಯುಗಾದಿ ಹತ್ತಿರ ಬಂದಾಗ ಮಗ ಮಾತೆತ್ತಲಿಲ್ಲ. ಅವನು ಎತ್ತುವುದಿಲ್ಲವೆಂದು ಇವರಿಗೂ ಗೊತ್ತಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ ಇವರೇ ಹೇಳಿದರು.

"ಚಿಮ್ಮಡದಾವ ಕೇಳಿದ್ನಲ್ಲ. ಬಾ ಅನ್ನ ಅವಗ."

"ಗಡಿಬಿಡಿ ಇಲ್ಲಪ್ಪ. ಇನ್ನೊಂದ ಸ್ವಲ್ಪ ದಿನ ನೋಡೂನು" ಎಂದ ಮಗ.

"ಏನ ನೋಡ್ತಿ? ನೋಡಾಕ ಏನೈತಿ? ಬಾ ಅನ್ನ."

ಚಿಮ್ಮಡದವನು ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಮಾತಿನಲ್ಲಿ ಮರ್ಯಾದೆಯುಳ್ಳವನು. ಚಪ್ಪಲಿಯನ್ನು ದೂರ ಬಿಟ್ಟು ಬಂದು ಇವರ ಕಾಲು ಮುಟ್ಟಿದ. ಮಾತು ಬೇಗ ಮುಗಿಯಿತು. ಹೋಗುವಾಗ ಅವನು, "ಯಜಮಾನ್ರ, ಹೊಲಾ ನಿಮ್ದ ಐತ್ರಿ. ಯಾವಾಗ ಮನಸ ಆದ್ರೂ ಬಂದ ನೋಡಕೋತ ಹೋಗ್ರಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಹ್ಯಾಂಗ ಬರ್ಲಿ?" ಎಂದು ಇವರು ಕೇಳಿದರು.

ಚುಚ್ಚಿ ಕೇಳಿದ್ದಲ್ಲ. ಅವನಿಗೇನಾದರೂ ಒಂದು ಉಪಾಯ ಗೊತ್ತಿರಬಹುದು ಎನ್ನುವಂತೆ, ನಿಜವಾಗಿಯೇ ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ಹೊರಗೆ ನೋಡಿದೆ.

ಮೊದಮೊದಲು ಅವನು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದ. ಯಾವ ಮೂಲೆಗೆ ನೀರು ಮೊದಲು ಬಿಡಬೇಕು, ಪೈಪು ಎಲ್ಲಿ ಹೊರಳುತ್ತದೆ, ಉಪ್ಪು ಹತ್ತಿದ ಸವುಳು ನೆಲ ಎಲ್ಲಿಯತನಕ ಇದೆ ಎಂದು ಕೇಳುತ್ತಿದ್ದ. ಇವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಬೇವಿನ ಗಿಡದಿಂದ ಬಲಕ್ಕೆ ಹೊಳ್ಳು, ಹಂಗ ಮುಂದ ಬಾ, ಅಲ್ಲಿ ಕಾಲ ಇಟ್ರ ನೆಲಾ ಮೆತ್ತಗ ಹತ್ತತೈತಿ ನೋಡ, ಅದರ ಆಚೆ. ಕೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದರು. ಫೋನು ಕೆಳಗಿಟ್ಟ ಮೇಲೆಯೂ ಸ್ವಲ್ಪ ಹೊತ್ತು ಅಲ್ಲಿಯೇ, ಆ ಬೇವಿನ ಗಿಡದ ಹತ್ತಿರವೇ ಇರುತ್ತಿದ್ದರು. ಆಗ ನಾನು ಮಾತಾಡಿಸುತ್ತಿರಲಿಲ್ಲ.

ಬರಬರುತ್ತ ಆ ಫೋನು ಕಡಿಮೆಯಾಯಿತು. ಒಂದು ದಿನ ಇವರೇ ಮಾಡಿದರು, ನೀರು ಬಿಟ್ಟೆಯಾ ಎಂದು ಕೇಳಲು. ಬಿಟ್ಟೇನ್ರಿ ಯಜಮಾನ್ರ, ಎಲ್ಲಾ ಬರೋಬ್ಬರಿ ಐತ್ರಿ, ನೀವ ಚಿಂತಿ ಮಾಡಬ್ಯಾಡ್ರಿ ಎಂದ ಅವನು. ಅವನಿಗೆ ಈಗ ಹೊಲ ಪೂರ್ತಿ ಗೊತ್ತಾಗಿದೆ. ಕೇಳುವಂಥದ್ದು ಏನೂ ಉಳಿದಿಲ್ಲ.

ಬೆಳಿಗ್ಗೆ ಚಹಾ ಕುಡಿದ ಮೇಲೆ ಇವರು ಫೋನನ್ನು ಕೈಗೆಟುಕುವ ಹಾಗೆ ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಈಗ ಅದು ಒಳಗೆ ಎಲ್ಲೋ ಇರುತ್ತದೆ. ಚಾರ್ಜ್ ಮುಗಿದದ್ದನ್ನು ನಾನೇ ನೋಡಿ ಹಾಕಬೇಕು. ಕೆಲವು ದಿನ ನಾನೂ ಹಾಕುವುದಿಲ್ಲ.